ಮೊದಲು ಎರಡನೇ ಭಾಗ

ಎರಡನೇ ಭಾಗ ನೋಡುವ ಮುಂಚೆ ಮೊದಲನೆಯದನ್ನು ನೋಡಿರಬೇಕು ಅನ್ನುವುದು ಎಲ್ಲರೂ ಒಪ್ಪುವ ಮಾತು. ನಾನು ಒಪ್ಪುವುದಿಲ್ಲ. ‘ಟರ್ಮಿನೇಟರ್ 2’ ಮಟ್ಟಿಗಂತೂ ಸುತರಾಂ ಇಲ್ಲ. ಅದನ್ನು ನೋಡಲು ಕೂರುವವರು ಮೊದಲ ಭಾಗವನ್ನು ನೋಡಿರಲೇಬಾರದು, ಯಾರೋ ಬಾಯಲ್ಲಿ ಹೇಳಿದ್ದನ್ನು ಕೇಳಿರಬೇಕು. ಹಾಗೆ ಹೇಳಿದವರೂ ಅದನ್ನು ನೋಡಿಲ್ಲದಿದ್ದರೆ ಇನ್ನೂ ಚೆನ್ನ. ಇಂಗ್ಲಿಷ್ ಬಾರದಿದ್ದರಂತೂ ಕೇಳುವುದೇ ಬೇಡ. ಐದನೇ ಕ್ಲಾಸಿನಲ್ಲಿದ್ದ ನನಗೆ ಈ ಎಲ್ಲ ಅರ್ಹತೆಗಳೂ ಇದ್ದವು.

ಆ ಸಿನಿಮಾ ಅಮೆರಿಕದಲ್ಲಿ ತೆರೆಕಂಡದ್ದು 1991ರ ಜುಲೈ 3ರಂದು. ಆಗೆಲ್ಲ ಇಂಗ್ಲಿಷ್ ಪಿಕ್ಚರುಗಳು ಬೆಂಗಳೂರಿಗೆ ಸಾವಕಾಶವಾಗಿ ಬರುತ್ತಿದ್ದವು. ನಾವಿದ್ದದ್ದು ಹನುಮಂತನಗರದಲ್ಲಿ. ಸಿನಿಮಾ ಅಂದರೆ ನಮಗೆ ಮೆಜೆಸ್ಟಿಕ್ಕು: ಸಂತೋಷ್, ನರ್ತಕಿ, ಸಪ್ನಾ, ಸಾಗರ್, ಮೇನಕಾ, ಕಪಾಲಿ. ಇಂಗ್ಲಿಷ್ ಬೇಕೆಂದರೆ ದಂಡಿನ ಕಡೆ ಹೋಗಬೇಕು. ಎಂ.ಜಿ. ರೋಡಿನ ಪ್ಲಾಜಾ, ಬ್ರಿಗೇಡ್ ರೋಡಿನ ರೆಕ್ಸ್, ರೆಸಿಡೆನ್ಸಿ ರೋಡಿನ ಗ್ಯಾಲಕ್ಸಿ, ಹಲಸೂರಿನ ಹತ್ತಿರದ ಲಿಡೋ. ಅಮ್ಮ ಆ ದಿಕ್ಕಿಗೆ ಬರುತ್ತಿದ್ದದ್ದು ಯಾವಾಗಲೋ ಒಮ್ಮೆ, ನಮ್ಮನ್ನು ಕಬ್ಬನ್ ಪಾರ್ಕಿನ ಬಾಲಭವನಕ್ಕೆ ಕರೆದುಕೊಂಡು. ಅಲ್ಲಿಗೆ ಅವಳ ಬೆಂಗಳೂರು ಮುಗಿಯುತ್ತಿತ್ತು.

ಚಿಕ್ಕಮಾವನಿಗೆ ಅಂಥ ಗಡಿಗಳಿರಲಿಲ್ಲ. ಅಮ್ಮನ ಕೊನೇ ತಮ್ಮ ಅವನು. ಐಟಿಐ ಪಾಸು ಮಾಡಿಕೊಂಡು ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಟರ್ನರ್ ಆಗಿದ್ದ, ನಮ್ಮನೆಯಲ್ಲೇ ಇದ್ದ. ಸಂಬಳ ಬಂದ ಮೇಲಿನ ಭಾನುವಾರ ಅಣ್ಣನನ್ನೂ ನನ್ನನ್ನೂ ಎಲ್ಲಿಗಾದರೂ ಕರೆದುಕೊಂಡು ಹೋಗುವುದು ರೂಢಿ. ಆ ಭಾನುವಾರ ‘ಮಿಷಿನ್ ಮನುಷ್ಯನ ಪಿಕ್ಚರು’ ಅಂದ. ಅಮ್ಮ ಕೇಳಿದ್ದು ಒಂದೇ ಪ್ರಶ್ನೆ.

“ಹೊಡೆದಾಟ ಇದ್ಯೇನೋ?”

“ಇಲ್ಲ ಅಕ್ಕ, ಸೈನ್ಸು.”

ಅಮೆರಿಕದಲ್ಲಿ 17 ತುಂಬದವರು ಈ ಸಿನಿಮಾಕ್ಕೆ ದೊಡ್ಡವರ ಜೊತೆಯಲ್ಲದೆ ಹೋಗುವಂತಿರಲಿಲ್ಲವಂತೆ. ನಮ್ಮ ಜೊತೆಯಲ್ಲೂ ದೊಡ್ಡವನೊಬ್ಬ ಇದ್ದ, ಲೆಕ್ಕಕ್ಕೆ.

ಆಗ ಬಿಟಿಎಸ್ ಬಸ್ಸಿನ ಕಾಲ. ‘ಬಿಟ್ರೆ ತಿರುಗಿ ಸಿಗಲ್ಲ’ ಎಂದು ಊರೆಲ್ಲ ಆಡಿಕೊಳ್ಳುತ್ತಿದ್ದ ಬಸ್ಸು. ಆದ್ದರಿಂದ ಸಿಕ್ಕಿದ್ದಕ್ಕೆ ಹತ್ತಿ, ಮಾರ್ಕೆಟ್ಟಿನಲ್ಲಿ ಇಳಿದು ಇನ್ನೊಂದು ಹಿಡಿದೆವು. ಇದು ಎರಡನೇ ಭಾಗ, ಮೊದಲನೆಯದು ಗೊತ್ತಿಲ್ಲದಿದ್ದರೆ ತಲೆಬುಡ ಅರ್ಥವಾಗುವುದಿಲ್ಲ ಎಂದು ಮಾವ ಕಂಬಿ ಹಿಡಿದು ನಿಂತುಕೊಂಡೇ ಕಥೆ ಶುರುಮಾಡಿದ.

“ಮುಂದೊಂದು ಕಾಲದಲ್ಲಿ ಮಿಷಿನ್‌ಗಳೇ ರಾಜ್ಯ ಆಳ್ತಿರ್ತವೆ. ಜಾನ್ ಅಂತ ಒಬ್ಬ ತಿರುಗಿಬೀಳ್ತಾನೆ. ಅವನನ್ನ ಏನೂ ಮಾಡಕ್ಕಾಗಲ್ಲ. ಆಗ ಇವು ಮನುಷ್ಯನ ಥರಾನೇ ಕಾಣೋ ಒಂದು ಮಿಷಿನ್ನ ಹಿಂದಿನ ಕಾಲಕ್ಕೆ ಕಳಿಸ್ತವೆ, ಅವನ ತಾಯಿನೇ ಮುಗಿಸಿಬಿಡೋಕೆ.”

“ಕಂಸನ ಥರಾ” ಅಂದ ಅಣ್ಣ.

“ಕಂಸ ಪೆದ್ದ ಕಣೋ. ದೇವಕಿನ ಸೆರೆಯಲ್ಲಿಟ್ಟು ಎಂಟು ಹೆರಿಗೆ ಕಾದ. ಇವು ಹೆರಿಗೆ ತನಕ ಬಿಡೋದೇ ಇಲ್ಲ.”

ಆ ಮಿಷಿನ್ನಿನ ಪಾತ್ರ ಅರ್ನಾಲ್ಡ್ ಶ್ವಾರ್ಜ್‌ನೆಗರ್‌ದು, ಅವನೇ ಕೇಡಿ. ತಾಯಿಯನ್ನು ಕಾಪಾಡಲು ಸೈನಿಕನೊಬ್ಬ ಬರುತ್ತಾನೆ, ಸಾಯುತ್ತಾನೆ. (ಆ ಸೈನಿಕನೇ ಹುಟ್ಟಲಿರುವ ಮಗುವಿನ ಅಪ್ಪ ಎಂಬುದನ್ನು ಮಾವ ಬಸ್ಸಿನಲ್ಲಿ ಹೇಳಲಿಲ್ಲ, ಸರಿಯಾಗೇ ಯೋಚಿಸಿದ್ದ.) ಕಡೆಗೆ ಅವಳು ಓಡಿಕೊಂಡು ಒಂದು ಕಾರ್ಖಾನೆಯೊಳಗೆ ನುಗ್ಗುತ್ತಾಳೆ. ಅಲ್ಲಿ ಹೈಡ್ರಾಲಿಕ್ ಪ್ರೆಸ್ಸು. ಇಲ್ಲಿಗೆ ಬರುವಷ್ಟರಲ್ಲಿ ಮಾವನ ದನಿ ಏರಿತ್ತು, ಪಕ್ಕದ ಸೀಟಿನ ಹೆಂಗಸು ಹೂವಿನ ಬುಟ್ಟಿ ಮಡಿಲಲ್ಲಿಟ್ಟುಕೊಂಡು ಕೇಳುತ್ತಿದ್ದರು. ಪ್ರೆಸ್ಸಿನ ಹತ್ತಿರ ಒಬ್ಬ ಆಪರೇಟರ್, ಸೆಕೆಂಡ್ ಶಿಫ್ಟಿನವನು, ಊಟದ ಡಬ್ಬಿ ಬಿಚ್ಚುತ್ತಿದ್ದಾನೆ. ‘ಈ ಕಡೆ ಬಾರಮ್ಮ’ ಎಂದು ಅವಳನ್ನು ಆಚೆಗೆ ಎಳೆದುಕೊಂಡು, ಮಿಷಿನ್ ಮನುಷ್ಯ ಪ್ರೆಸ್ಸಿನೊಳಗೆ ತೆವಳುವ ತನಕ ಕಾದು, ಗುಂಡಿ ಒತ್ತುತ್ತಾನೆ.

“ಚಪ್ಪಟೆ!” ಅಂದ ಮಾವ. ಹೂವಿನ ಹೆಂಗಸು ‘ಸದ್ಯ’ ಅಂದರು.

ಥಿಯೇಟರಿನ ಒಳಗೆ ಹೋದ ಮೇಲೆ ನಾವು ಸ್ವಲ್ಪ ಮೆತ್ತಗಾದೆವು. ಮೆಜೆಸ್ಟಿಕ್ಕಿನಲ್ಲಿ ಟಾರ್ಚಿನವನು ನಮ್ಮ ಭಾಷೆಯಲ್ಲೇ ಗದರುತ್ತಿದ್ದ, ಇಲ್ಲಿನವನು ಇಂಗ್ಲಿಷಿನಲ್ಲಿ ಮರ್ಯಾದೆ ಕೊಟ್ಟ. ಸ್ಟಾಲಿನಲ್ಲಿ ಕೂತೆವು. ನಮ್ಮ ಶಾಲೆಯಲ್ಲಿ ಇಂಗ್ಲಿಷ್ ಶುರುವಾಗುತ್ತಿದ್ದದ್ದೇ ಐದನೇ ಕ್ಲಾಸಿಗೆ. ನನ್ನ ಬಳಿ ಅಕ್ಷರಗಳಿದ್ದವು, ಹಣ್ಣುಗಳ ಹೆಸರಿದ್ದವು. ಸಿನಿಮಾ ಶುರುವಾದಾಗ ಹೆಣ್ಣುದನಿಯೊಂದು ಏನನ್ನೋ ವಿವರವಾಗಿ ಹೇಳಿತು. ಭವಿಷ್ಯದಿಂದ ಇಬ್ಬರು ಬರುತ್ತಾರೆ, ಒಬ್ಬ ಕೊಲ್ಲಲು, ಒಬ್ಬ ಕಾಯಲು ಎಂಬುದು ಅದರ ಸಾರಾಂಶ ಎಂದು ಈಗ ಗೊತ್ತು. ಆಗ ಗೊತ್ತಿದ್ದದ್ದು ಬಸ್ಸಿನಲ್ಲಿ ಕೇಳಿದ್ದು ಮಾತ್ರ. ಅರ್ನಾಲ್ಡ್ ಕಂಡಕೂಡಲೇ ನಾನು ಕಾಲು ಮೇಲಿಟ್ಟುಕೊಂಡೆ. ಬರಿಮೈಯಲ್ಲಿ ಬಾರಿಗೆ ನುಗ್ಗಿ, ಒಬ್ಬನ ಬಟ್ಟೆ, ಬೂಟು, ಬೈಕು ಎಲ್ಲವನ್ನೂ ಕಿತ್ತುಕೊಂಡ. ಕೇಡಿ ಅಂದರೆ ಹೀಗಿರಬೇಕು.

ಇನ್ನೊಬ್ಬ ಬಂದ. ಸಣ್ಣಗಿನ ಆಳು, ಕ್ಲಾಸಿನ ಮಾನಿಟರಿನಂಥ ಮುಖ. ಪೊಲೀಸಿನವನೊಬ್ಬ ಒಂದೇ ಏಟಿಗೆ ಬಿದ್ದ, ಇವನು ಅವನ ಯೂನಿಫಾರ್ಮು ತೊಟ್ಟ. ಪ್ರಜ್ಞೆ ತಪ್ಪಿಸಿ ಸಾಲ ತೆಗೆದುಕೊಂಡ ಅಂದುಕೊಂಡೆ. ಆಮೇಲಿಂದ ಎಷ್ಟು ಸಭ್ಯ! ಬಸ್ಸಿನ ಕಥೆಯ ಜಾನ್ ಇಲ್ಲಿನ್ನೂ ಹುಡುಗ, ಅವನ ಮನೆಗೆ ಹೋಗಿ ಫೋಟೋ ಕೇಳುತ್ತಾನೆ, ಧನ್ಯವಾದ ಹೇಳುತ್ತಾನೆ. ನಮ್ಮ ಸಿನಿಮಾಗಳಲ್ಲಿ ಪೊಲೀಸರು ಎಲ್ಲ ಮುಗಿದ ಮೇಲೆ ಜೀಪಿನಲ್ಲಿ ಬರುವವರು. ಇವನೊಬ್ಬ ಹೊತ್ತಿಗೆ ಮುಂಚೆಯೇ ಹೊರಟಿದ್ದಾನಲ್ಲ ಎಂದು ನನಗೆ ಅವನ ಮೇಲೆ ಪೂರ್ತಿ ನಂಬಿಕೆ.

ಮಾಲ್‌ನ ಹಿಂದುಗಡೆಯ ಉದ್ದನೆಯ ಓಣಿ. ಆ ಕಡೆಯಿಂದ ಅರ್ನಾಲ್ಡ್, ಕೈಯಲ್ಲಿ ಉದ್ದನೆಯ ಹೂವಿನ ಡಬ್ಬ. ಈ ಕಡೆಯಿಂದ ಪೊಲೀಸು. ನಡುವೆ ಹುಡುಗ. ಡಬ್ಬ ತೆರೆದು ಗುಲಾಬಿಗಳು ನೆಲಕ್ಕೆ ಬೀಳುತ್ತವೆ, ಒಳಗಿಂದ ಬಂದೂಕು. ಕಪ್ಪು ಬೂಟು ಗುಲಾಬಿಯ ಮೇಲೆ ಬಿದ್ದು ಎಸಳು ಜಜ್ಜಿಹೋಗುವುದನ್ನು ಹತ್ತಿರದಿಂದ ತೋರಿಸುತ್ತಾರೆ. ನಾನು ಮಾವನ ಅಂಗಿಯ ತೋಳು ಹಿಡಿದುಕೊಂಡೆ. ಹುಡುಗ ಪೊಲೀಸಿನವನ ಕಡೆಗೇ ಓಡಬೇಕು ಎಂದು ಮನಸ್ಸಿನಲ್ಲೇ ಕಿರುಚುತ್ತಿದ್ದೆ. ಅಷ್ಟರಲ್ಲಿ ಪೊಲೀಸಿನವನೇ ಪಿಸ್ತೂಲು ತೆಗೆದ, ಅರ್ನಾಲ್ಡ್ ಹುಡುಗನನ್ನು ಬಳಸಿಕೊಂಡು ತನ್ನ ಬೆನ್ನಿಗೆ ಗುಂಡು ಹಾಕಿಸಿಕೊಂಡ.

“ಅಯ್ಯೋ, ಇವನೇನೇ ಒಳ್ಳೆಯವನು!” ಇದು ಮಾವನ ದನಿ. ಅವನಿಗೂ ಗೊತ್ತಿರಲಿಲ್ಲ.

ನಿರ್ದೇಶಕ ಜೇಮ್ಸ್ ಕ್ಯಾಮರೂನ್ ಅರ್ಧ ಗಂಟೆ ಕಷ್ಟಪಟ್ಟು ಮುಚ್ಚಿಟ್ಟದ್ದು ಈ ಗುಟ್ಟನ್ನೇ. ಆದರೆ ಅರ್ನಾಲ್ಡ್ ಈ ಸಲ ಕಾಪಾಡುವವನು ಎಂದು ಅಮೆರಿಕದ ಟ್ರೇಲರುಗಳೇ ಮೊದಲೇ ತೋರಿಸಿಬಿಟ್ಟಿದ್ದವು. 1984ರ ಮೊದಲ ಭಾಗವನ್ನು ನೋಡಿ, ಹೆದರಿ, ಏಳು ವರ್ಷ ಕಾದಿದ್ದ ಅಲ್ಲಿನವರಿಗೆ ಆ ಓಣಿಯಲ್ಲಿ ಏನಾಗುತ್ತದೆ ಎಂದು ಗೊತ್ತಿತ್ತು. ಟ್ರೇಲರ್ ನೋಡದ, ಮುನ್ನುಡಿ ಅರ್ಥವಾಗದ, ಮೊದಲ ಭಾಗವನ್ನು ಮಾರ್ಕೆಟ್ ಬಸ್ಸಿನಲ್ಲಿ ಕೇಳಿಸಿಕೊಂಡ ನಾವು ಮೂವರು ಹನುಮಂತನಗರದವರು ಮಾತ್ರ ಆ ದೃಶ್ಯವನ್ನು ಅವನು ಬಯಸಿದ ಹಾಗೆ ನೋಡಿದೆವು. ಇದು ಜಂಬದ ಮಾತೇ.

ಅಲ್ಲಿಂದಾಚೆಗೆ ಮಾವ ಪಿಸುದನಿಯಲ್ಲಿ ಸಂಭಾಷಣೆಯನ್ನೆಲ್ಲ ಕನ್ನಡಕ್ಕಿಳಿಸತೊಡಗಿದ. ಅವನಿಗೆ ತಿಳಿದದ್ದು ಅರ್ಧ, ಮಿಕ್ಕದ್ದು ಸ್ವಂತದ್ದು. ಇಂಗ್ಲಿಷ್ ಬಲ್ಲವರು ಮೊದಲು ನಗುತ್ತಿದ್ದರು, ಅವರು ನಕ್ಕರೆಂದು ನಾವು ನಗುತ್ತಿದ್ದೆವು. ಆದರೆ ಹುಡುಗ ಆ ಭಾರೀ ಮಿಷಿನ್ನಿಗೆ ಒಂಟಿಕಾಲಲ್ಲಿ ನಿಲ್ಲು ಅಂದಾಗ, ಅದು ನಿಂತಾಗ, ಇಡೀ ಥಿಯೇಟರು ಒಟ್ಟಿಗೇ ನಕ್ಕಿತು. ಅಲ್ಲಿ ಮಾವನ ಅಗತ್ಯ ಬೀಳಲಿಲ್ಲ.

ನನ್ನ ಕಣ್ಣು ಸೆಳೆದದ್ದು ಮಾತ್ರ ಅರ್ನಾಲ್ಡ್ ಅಲ್ಲ, ಆ ಹುಡುಗನ ತಾಯಿ. ಹುಚ್ಚಾಸ್ಪತ್ರೆಯ ಕೋಣೆಯಲ್ಲಿ ಮಂಚವನ್ನು ಗೋಡೆಗೆ ಎತ್ತಿ ನಿಲ್ಲಿಸಿ, ಅದರ ಕಾಲು ಹಿಡಿದು ಮೇಲಕ್ಕೂ ಕೆಳಕ್ಕೂ ಏರಿಳಿಯುತ್ತಿದ್ದಾಳೆ. ಬೆವರಿದ ತೋಳು, ಹಗ್ಗ ಹೊಸೆದಂತಿದ್ದ ನರ. ಕಂಬಿಗೆ ಜೋತುಬೀಳುವುದು ಗಂಡುಹುಡುಗರ ಕೆಲಸ ಎಂದು ನನಗೆ ಶಾಲೆಯ ಮೈದಾನದಲ್ಲಿ ಹೇಳಿಯಾಗಿತ್ತು. ಇಲ್ಲಿ ಒಬ್ಬಳು ಅಮ್ಮ, ಯಾರನ್ನೂ ಕೇಳದೆ ಅದನ್ನೇ ಮಾಡುತ್ತಿದ್ದಾಳೆ. ಸಿನಿಮಾದ ಅಮ್ಮಂದಿರು ಹೊಲಿಗೆ ಮಿಷಿನ್ನಿನ ಮುಂದೆ ಕೆಮ್ಮುತ್ತಿದ್ದ ಕಾಲ ಅದು. ಲಿಂಡಾ ಹ್ಯಾಮಿಲ್ಟನ್ ಎಂಬ ಹೆಸರು ನನಗೆ ತಿಳಿಯಲು ಎಷ್ಟೋ ವರ್ಷ ಹಿಡಿಯಿತು, ಆದರೆ ಆ ತೋಳುಗಳು ಅವತ್ತಿನಿಂದಲೇ ನೆನಪಿನಲ್ಲಿವೆ.

ಆ ಪೊಲೀಸೂ ಒಂದು ಮಿಷಿನ್ನೇ, ಬೇಕಾದ ರೂಪ ತಾಳುವ ದ್ರವಲೋಹದ್ದು. ಅದೇ ಆಸ್ಪತ್ರೆಯಲ್ಲಿ ಕಾವಲುಗಾರನೊಬ್ಬ ಕಾಫಿ ಮಿಷಿನ್ನಿನ ಮುಂದೆ ನಿಂತಿರುವಾಗ ಅವನ ಹಿಂದಿನ ನೆಲವೇ ಎದ್ದು ಅವನ ರೂಪ ತಾಳುತ್ತದೆ. ಒಂದೇ ಮುಖದ ಇಬ್ಬರು ಎದುರುಬದುರು. “ಡಬಲ್ ಆಕ್ಟಿಂಗ್ ಕಣೇ, ಕ್ಯಾಮರಾಗೆ ಅರ್ಧ ಮಾಸ್ಕ್ ಹಾಕಿ ತೆಗೀತಾರೆ” ಅಂದ ಮಾವ. ದ್ವಿಪಾತ್ರದ ಕನ್ನಡ ಸಿನಿಮಾ ನೋಡಿ ಬೆಳೆದವರಿಗೆಲ್ಲ ಗೊತ್ತಿದ್ದ ವಿದ್ಯೆ. ನಿಜಕ್ಕೂ ಅಲ್ಲಿ ಅಂಥ ಯಾವ ಕಸರತ್ತೂ ಇರಲಿಲ್ಲ, ಅವರಿಬ್ಬರೂ ಅವಳಿ ಸೋದರರು, ಡಾನ್ ಮತ್ತು ಡ್ಯಾನ್ ಸ್ಟ್ಯಾಂಟನ್. ಕೊನೆಯಲ್ಲಿ ತಾಯಿಯ ರೂಪ ತಾಳುವ ಕಡೆಯೂ ಹಾಗೇ, ಹ್ಯಾಮಿಲ್ಟನ್‌ರ ಅವಳಿ ಸೋದರಿಯನ್ನು ಕರೆತಂದಿದ್ದರು. ಕಂಪ್ಯೂಟರ್ ಗ್ರಾಫಿಕ್ಸಿನ ಯುಗ ತೆರೆದ ಸಿನಿಮಾ ಎಂದು ಇದನ್ನು ಕೊಂಡಾಡುತ್ತಾರೆ. ಆದರೆ ಎರಡೂಕಾಲು ಗಂಟೆಯ ಚಿತ್ರದಲ್ಲಿ ಕಂಪ್ಯೂಟರಿನದ್ದು ಸುಮಾರು ಐದು ನಿಮಿಷ ಅಷ್ಟೆ. ಗುಂಡು ಬಿದ್ದಾಗ ಪೊಲೀಸಿನವನ ಎದೆಯಲ್ಲಿ ಬೆಳ್ಳಿ ಹೂವಿನಂತೆ ಅರಳುವ ಗಾಯಗಳನ್ನು ಸ್ಟ್ಯಾನ್ ವಿನ್‌ಸ್ಟನ್ ಎಂಬ ಕುಶಲಕರ್ಮಿಯ ತಂಡ ಕೈಯಲ್ಲೇ ಮಾಡಿ, ಅಂಗಿಯೊಳಗೆ ಮಡಿಸಿಟ್ಟು ಬಿಚ್ಚಿಕೊಳ್ಳುವಂತೆ ಕೂರಿಸಿತ್ತು. ಅವನು ಕಬ್ಬಿಣದ ಸರಳುಗಳ ನಡುವಿಂದ ತೂರಿಬರುವಾಗಿನ ಲೊಳಕ್ ಎನ್ನುವ ಸದ್ದು? ನಾಯಿಗೆ ಹಾಕುವ ತಿಂಡಿ ಡಬ್ಬಿಯಿಂದ ಜಾರುವ ಸದ್ದು. ಆ ವರ್ಷ ಶಬ್ದಕ್ಕೇ ಎರಡು ಆಸ್ಕರ್ ಬಂದವು, ದೃಶ್ಯ ಚಮತ್ಕಾರಕ್ಕೊಂದು, ಮೇಕಪ್ಪಿಗೊಂದು.

ಇಂಟರ್ವಲ್ ಬಂದದ್ದು ಆ ಪೊಲೀಸು ಕೈಗಳನ್ನು ಕೊಕ್ಕೆ ಮಾಡಿಕೊಂಡು ಓಡುವ ಕಾರಿನ ಡಿಕ್ಕಿಗೆ ನೇತುಬಿದ್ದಿದ್ದಾಗ. ಇಂಗ್ಲಿಷ್ ಸಿನಿಮಾ ಮಾಡುವವರು ಇಂಟರ್ವಲ್ಲಿಗೆ ಜಾಗ ಬಿಟ್ಟಿರುವುದಿಲ್ಲ, ಪ್ರೊಜೆಕ್ಟರಿನವನು ತನಗೆ ತೋಚಿದಲ್ಲಿ ಕತ್ತರಿಸುತ್ತಾನೆ. ಲೈಟು ಹತ್ತಿದಾಗ ಜನ ‘ಹೋ’ ಎಂದು ಕೂಗಿದರು. ಪಾಪ್‌ಕಾರ್ನ್ ತಿನ್ನುತ್ತಾ ಅವನು ಇನ್ನೂ ಅಲ್ಲೇ ನೇತಾಡುತ್ತಿರುತ್ತಾನೆ ಎಂದು ಯೋಚಿಸುವ ಸುಖ ಅಮೆರಿಕದವರಿಗೆ ಸಿಗಲಿಲ್ಲ.

ಆಮೇಲೆ ಬಂದದ್ದು ತಾಯಿ ಕಾಣುವ ಅಣುಬಾಂಬಿನ ಕನಸು. ಮಕ್ಕಳ ಆಟದ ಮೈದಾನ, ಜಾರುಬಂಡೆ, ಉಯ್ಯಾಲೆ. ತಾಯಿ ತಂತಿಬೇಲಿ ಹಿಡಿದು ಕೂಗುತ್ತಾಳೆ, ದನಿ ಕೇಳಿಸುವುದಿಲ್ಲ. ಬಿಳಿ ಬೆಳಕು. ಮಾವ ಅಲ್ಲಿ ಏನೂ ಹೇಳಲಿಲ್ಲ, ಅವನ ಅಂಗೈ ನನ್ನ ಕಣ್ಣಿನ ಮೇಲೆ ಬಂತು, ಬೆರಳ ಸಂದಿಯಿಂದ ನೋಡಿದೆ. ಬಾಲಭವನವೇ ಕಣ್ಮುಂದೆ ಬಂತು. ಆ ರಾತ್ರಿ ಅಮ್ಮನ ಪಕ್ಕ ಮಲಗಿದೆ, ‘ಸೈನ್ಸು ಅಂದ್ಯಲ್ಲೋ’ ಎಂದು ಮಾವನಿಗೆ ಬೈಗುಳ ಬಿತ್ತು. ಸಿನಿಮಾದಲ್ಲಿ ಆ ಬಾಂಬು ಬೀಳುವ ದಿನ ಯಾವುದು ಎಂಬುದನ್ನು ಮಾತ್ರ ಅಣ್ಣ ಪಕ್ಕಾ ಮಾಡಿಕೊಂಡಿದ್ದ: 1997ರ ಆಗಸ್ಟ್ 29.

ಕೊನೆಯ ಭಾಗ ಪೂರಾ ಮಾವನ ರಾಜ್ಯ. ಉಕ್ಕಿನ ಕಾರ್ಖಾನೆ. ದ್ರವ ನೈಟ್ರೋಜನ್ ಟ್ಯಾಂಕರ್ ಮಗುಚಿ ಪೊಲೀಸು ಹೆಜ್ಜೆಹೆಜ್ಜೆಗೂ ಗಟ್ಟಿಯಾಗುತ್ತಾ, ಕಾಲು ಮುರಿದು, ಕೈ ಮುರಿದು ನಿಂತುಬಿಡುತ್ತಾನೆ. ಈಗ ಮಾವ ಪಿಸುಗುಡುವುದನ್ನೂ ಬಿಟ್ಟ. “ಮೈನಸ್ 196 ಡಿಗ್ರಿ! ನಮ್ಮಲ್ಲಿ ಬುಷ್ ಕೂರಿಸೋಕೆ ಇದೇ ತರಿಸ್ತಾರೆ!” (ಬುಷ್ ಅಂದರೆ ಮಿಷಿನ್ನಿನ ತೂತಿನೊಳಗೆ ಬಿಗಿಯಾಗಿ ಕೂರಿಸುವ ಲೋಹದ ಬಳೆ.) ಮುಂದಿನ ಸಾಲಿನವರು ತಿರುಗಿ ನೋಡಿದರು. ಕರಗಿದ ಉಕ್ಕಿನ ತೊಟ್ಟಿಯ ಪಕ್ಕದಲ್ಲೇ ನಿಂತು ಹೊಡೆದಾಡುವಾಗ ಮಾತ್ರ ಅವನಿಗೆ ಸಮಾಧಾನವಿಲ್ಲ. “ಸುಳ್ಳು. 1,500 ಡಿಗ್ರಿ ಹತ್ರ ಹಾಗೆ ನಿಂತ್ರೆ ಮುಖ ಬೆಂದುಹೋಗುತ್ತೆ.” ಅವನ ಗುಮಾನಿ ಸರಿಯಾಗಿತ್ತು. ಅದನ್ನು ಚಿತ್ರೀಕರಿಸಿದ್ದು ಕ್ಯಾಲಿಫೋರ್ನಿಯಾದ ಫಾಂಟಾನಾದಲ್ಲಿ ಬಾಗಿಲು ಮುಚ್ಚಿದ್ದ ಉಕ್ಕಿನ ಕಾರ್ಖಾನೆಯಲ್ಲಿ, ಕುಲುಮೆಗಳೆಲ್ಲ ಆರಿಹೋದ ಮೇಲೆ. ಅದಕ್ಕಿಂತ ಅವನನ್ನು ಕೆರಳಿಸಿದ್ದು ಟ್ಯಾಂಕರ್ ನುಗ್ಗಿದ ಕೂಡಲೇ ಕೆಲಸದವರೆಲ್ಲ ಓಡಿಹೋದದ್ದು. “ಒಬ್ಬನೂ ನಿಲ್ಲಲಿಲ್ಲವಲ್ಲ” ಎಂದು ದಾರಿಯುದ್ದಕ್ಕೂ ಅಂದುಕೊಂಡ.

ಹೈಸ್ಕೂಲಿನಲ್ಲಿದ್ದಾಗ ಪಕ್ಕದ ಮನೆಯವರು ವಿಸಿಆರ್ ಬಾಡಿಗೆಗೆ ತಂದಿದ್ದರು, ಕ್ಯಾಸೆಟ್ಟುಗಳಲ್ಲಿ ಮೊದಲ ಭಾಗವೂ ಇತ್ತು. ಕೂತು ನೋಡಿದೆ. ನನಗದು ಸೇರಲಿಲ್ಲ. ಒಂಟಿಕಾಲಲ್ಲಿ ನಿಂತ ಅರ್ನಾಲ್ಡ್ ಇಲ್ಲಿ ಸಿಕ್ಕಸಿಕ್ಕವರನ್ನು ಕೊಲ್ಲುತ್ತಿದ್ದ. ಇರಲಿ, ಪ್ರೆಸ್ ಆಪರೇಟರ್ ಬರುತ್ತಾನಲ್ಲ ಎಂದು ಕಾದೆ. ಕಾರ್ಖಾನೆ ಬಂತು, ಪ್ರೆಸ್ಸು ಬಂತು, ತಾಯಿ ಒಬ್ಬಳೇ ತೆವಳಿ ಆಚೆ ಹೋಗಿ, ತನ್ನ ಕೈಯಿಂದಲೇ ಗುಂಡಿ ಒತ್ತಿದಳು. ಊಟದ ಡಬ್ಬಿಯೂ ಇಲ್ಲ, ಸೆಕೆಂಡ್ ಶಿಫ್ಟೂ ಇಲ್ಲ. ಸಂಜೆ ಮಾವನನ್ನು ಹಿಡಿದು ಕೇಳಿದರೆ, ಅವನ ಜೊತೆ ಕೆಲಸ ಮಾಡುವವನು ಎಲ್ಲೋ ನೋಡಿ ಬಂದು ಟೀ ಹೊತ್ತಿನಲ್ಲಿ ಹೇಳಿದ್ದಂತೆ. ಆಪರೇಟರ್ ಯಾರ ಕೊಡುಗೆ ಎಂದರೆ ಅದಕ್ಕೂ ಉತ್ತರ ಸಿದ್ಧವಿತ್ತು.

“ಸೆನ್ಸಾರಿನವರು ಕಟ್ ಮಾಡಿರ್ತಾರೆ ಕಣೇ.”

ಈಗಲೂ ಹೇಳುತ್ತೇನೆ, ಕ್ಯಾಮರೂನ್ ಮಾಡಿದ್ದೇ ಸರಿ. ಆ ಗುಂಡಿಯನ್ನು ಅವಳೇ ಒತ್ತಬೇಕು, ಆಗಲೇ ಎರಡನೇ ಭಾಗದ ತೋಳುಗಳಿಗೆ ಅರ್ಥ. ಆದರೂ ಆ ಪ್ರೆಸ್ಸಿನ ದೃಶ್ಯ ಬಂದಾಗಲೆಲ್ಲ ನನ್ನ ಕಣ್ಣು ಮೂಲೆಯಲ್ಲೊಂದು ಊಟದ ಡಬ್ಬಿ ಹುಡುಕುತ್ತದೆ.

1997ರ ಆಗಸ್ಟ್ 29 ಶುಕ್ರವಾರ. ನಾನು ಮೊದಲ ಪಿಯುಸಿ. ಗೌರಿ-ಗಣೇಶ ಹತ್ತಿರ ಬಂದಿತ್ತು. ಬಿಟಿಎಸ್ ಹೋಗಿ ಬಿಎಂಟಿಸಿ ಆಗಿ ಎರಡು ವಾರವಾಗಿತ್ತು, ಬಸ್ಸುಗಳು ಮಾತ್ರ ಅವೇ. ಅಣ್ಣ ಬೆಳಿಗ್ಗೆ ಹಲ್ಲುಜ್ಜುತ್ತಾ ‘ಇವತ್ತೇ ಕಣೇ’ ಅಂದ. ರಾತ್ರಿ ಊಟಕ್ಕೆ ಕೂತಾಗ ‘ಆಗಲಿಲ್ಲ’ ಅಂದ. ಏನು ಆಗಲಿಲ್ಲ ಎಂದು ಅಮ್ಮ ಕೇಳಿದಳು, ಯಾರೂ ಹೇಳಲಿಲ್ಲ.

ಆ ಥಿಯೇಟರುಗಳ ಗತಿ ನಿಮಗೂ ಗೊತ್ತು. 1936ರ ಪ್ಲಾಜಾ ಮೆಟ್ರೋಗೆ ಜಾಗ ಬಿಟ್ಟಿತು, ಲಿಡೋ ಇದ್ದಲ್ಲಿ ಮಾಲ್ ಎದ್ದಿತು, ರೆಕ್ಸ್ 2018ರ ಡಿಸೆಂಬರ್ 31ರಂದು ಕೊನೆಯ ಆಟ ಆಡಿತು. ಥಿಯೇಟರಿನ ಹಳಹಳಿಕೆಯಲ್ಲಿ ನನಗೆ ಅಷ್ಟು ಆಸಕ್ತಿಯಿಲ್ಲ. ಅಲ್ಲಿನ ಟಾಯ್ಲೆಟ್ಟುಗಳು ನೆನಪಿರುವವರಿಗೆ ಇರಲಾರದು.

ಡಬ್ಬಿಂಗ್ ವಿಷಯದಲ್ಲಿ ಮಾತ್ರ ನನಗೆ ಹೇಳುವುದಿದೆ. ಅರವತ್ತರ ದಶಕದ ಚಳವಳಿಯ ನಂತರ ಕನ್ನಡಕ್ಕೆ ಬೇರೆ ಭಾಷೆಯ ಸಿನಿಮಾಗಳನ್ನು ಡಬ್ ಮಾಡುವುದು ನಿಂತುಹೋಯಿತು. ಕನ್ನಡ ಚಿತ್ರರಂಗ ಆಗ ಎಳೆಯದು, ಅದನ್ನು ಉಳಿಸಿಕೊಳ್ಳಲು ಆ ಬೇಲಿ ಬೇಕಿತ್ತು ಎನ್ನುವ ವಾದವನ್ನು ನಾನು ಗೌರವಿಸುತ್ತೇನೆ. ಆದರೆ ಅದರ ಬೆಲೆ ತೆತ್ತವರಲ್ಲಿ ಐದನೇ ಕ್ಲಾಸಿನ ಮಕ್ಕಳೂ ಇದ್ದರು. ಮಾವನಿಲ್ಲದ ಮನೆಯ ಮಕ್ಕಳಿಗೆ ಆ ಕತ್ತಲಲ್ಲಿ ಕನ್ನಡ ಹೇಳುವವರು ಯಾರಿದ್ದರು? 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಈ ನಿರ್ಬಂಧದ ವಿರುದ್ಧ ಆದೇಶ ಕೊಟ್ಟಿತು, ಬೇಲಿ ನಿಧಾನವಾಗಿ ಸಡಿಲವಾಯಿತು. 2019ರಲ್ಲಿ ‘ಟರ್ಮಿನೇಟರ್: ಡಾರ್ಕ್ ಫೇಟ್’ ಬಂದಾಗ ಕನ್ನಡದಲ್ಲೂ ಬಂತು. ನಡುವಿನ ಭಾಗಗಳನ್ನೆಲ್ಲ ಪಕ್ಕಕ್ಕಿಟ್ಟು, ನಾವು ನೋಡಿದ ಎರಡನೇ ಭಾಗದಿಂದಲೇ ಕಥೆ ಮುಂದುವರಿಸಿದ ಚಿತ್ರ. ಮಾವನನ್ನು ಕರೆದುಕೊಂಡು ಹೋದೆ. ಶುರುವಿನಲ್ಲೇ ಆ ಹುಡುಗ ಜಾನ್‌ನನ್ನು ಕೊಂದುಹಾಕುತ್ತಾರೆ. ಮಾವ ಮಾತಾಡಲಿಲ್ಲ. ಹೊರಗೆ ಬಂದ ಮೇಲೆ ಪಾರ್ಕಿಂಗಿನಲ್ಲಿ ಸಿಡಿದ.

“ಅಷ್ಟು ಕಷ್ಟಪಟ್ಟು ಉಳಿಸಿದ್ದು ಇದಕ್ಕಾ? ಕಥೆ ಗೊತ್ತಿಲ್ದೋರ ಕೈಗೆ ಕೊಟ್ರೆ ಹೀಗೇ.”

ಕಳೆದ ಮಳೆಗಾಲದಲ್ಲಿ ಮಗಳಿಗೆ ಎರಡನೇ ಭಾಗ ತೋರಿಸಿದೆ, ಮೊದಲನೆಯದನ್ನು ತೋರಿಸದೆಯೇ. ಮಾವನೂ ಬಂದಿದ್ದ. ಓಣಿಯ ದೃಶ್ಯಕ್ಕೆ ಅವಳು ಅಲುಗಲಿಲ್ಲ, ಟಿವಿಯಲ್ಲಿ ಸಿನಿಮಾ ಆರಿಸುವಾಗ ಕಂಡ ಪುಟ್ಟ ಚಿತ್ರದಲ್ಲೇ ಅರ್ನಾಲ್ಡ್ ಹುಡುಗನ ಪಕ್ಕ ನಿಂತಿದ್ದನಂತೆ. ಮಾವ ಹಳೇ ಅಭ್ಯಾಸದಂತೆ ಕನ್ನಡ ಶುರುಮಾಡಿದರೆ ‘ತಾತ, ಸಬ್‌ಟೈಟಲ್ ಇದೆ’ ಅಂದಳು. ಅವನು ಮುಖ ಸಣ್ಣಗೆ ಮಾಡಿಕೊಂಡು ಕಡಲೆಕಾಯಿ ಬಿಡಿಸುತ್ತಾ ಕೂತ. ನೈಟ್ರೋಜನ್ ದೃಶ್ಯ ಬಂತು. ಪೊಲೀಸು ಹೆಪ್ಪುಗಟ್ಟಿದ, ಅವಳು ರಿಮೋಟು ಒತ್ತಿ ನಿಲ್ಲಿಸಿದಳು.

“ತಾತ, ಇದು ನಿಜವಾಗ್ಲೂ ಹೀಗಾಗತ್ತಾ?”

ಮಾವ ಕಡಲೆಕಾಯಿ ತಟ್ಟೆ ಪಕ್ಕಕ್ಕಿಟ್ಟ. ಕಂಚಿನ ಬುಷ್ಷನ್ನು ತೂತಿಗಿಂತ ಕೂದಲೆಳೆಯಷ್ಟು ದಪ್ಪ ಇರುವಂತೆ ಕಡೆಯಬೇಕು, ಹಾಗೇ ಹೊಡೆದರೆ ಕೂರುವುದಿಲ್ಲ. ನೈಟ್ರೋಜನ್ನಿನಲ್ಲಿ ಅದ್ದಿದರೆ ಮೊದಲು ಕೊತಕೊತ ಕುದಿಯುತ್ತದೆ. ಕುದಿತ ನಿಂತಿತೆಂದರೆ ಬುಷ್ಷು ಪೂರ್ತಿ ತಣ್ಣಗಾಯಿತು ಎಂದರ್ಥ. ಇಕ್ಕುಳದಲ್ಲಿ ಎತ್ತಿ, ಮೈಯೆಲ್ಲ ಹೊಗೆ ಬಿಡುತ್ತಿರುವ ಅದನ್ನು ತೂತಿನ ಬಾಯಿಗೆ ಹಿಡಿದರೆ ಸುತ್ತಿಗೆಯೇ ಬೇಡ, ತಾನಾಗಿ ಜಾರಿ ಕೂರುತ್ತದೆ. ಸ್ವಲ್ಪ ಹೊತ್ತಾದ ಮೇಲೆ ದೇವರು ಬಂದರೂ ಕೀಳಲಾರ. ಅವನು ಹೆಬ್ಬೆರಳು ತೋರುಬೆರಳು ಸೇರಿಸಿ ಬುಷ್ಷಿನ ಅಳತೆ ತೋರಿಸುತ್ತಿದ್ದ, ಅವಳು ತನ್ನ ಬೆರಳನ್ನು ಆ ತೂತಿನೊಳಗೆ ತೂರಿಸಿ ನೋಡುತ್ತಿದ್ದಳು. ಸಿನಿಮಾ ನಿಂತೇ ಇತ್ತು.

“ನಿಮ್ಮ ವರ್ಕ್‌ಶಾಪಲ್ಲಿ ತೋರಿಸ್ತೀಯಾ? ನಾಳೆ?”

“ನಾಳೆ ಭಾನುವಾರ ಪುಟ್ಟಿ, ನೈಟ್ರೋಜನ್ ಇರಲ್ಲ. ಸೋಮವಾರ ಬಾ.”

“ಸೋಮವಾರ ಸ್ಕೂಲು.”

ಇಬ್ಬರೂ ನನ್ನ ಮುಖ ನೋಡಿದರು.